ಟೈಪ್ 2, ಹಾರ್ಡ್ ಆನೊಡೈಸಿಂಗ್: ಎರಡನ್ನೂ ಮಾಡಿಸಿ ನೋಡಿದೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್. ಕ್ಯಾಮೆರಾ ಸ್ಲೈಡರ್‌ಗೆ, ಅಂದರೆ ಕ್ಯಾಮೆರಾ ನಯವಾಗಿ ಜರುಗಿಸುವ ಸಾಧನಕ್ಕೆ, 6061 ಅನ್ನುವ ಮಿಶ್ರಲೋಹದ ಅಲ್ಯೂಮಿನಿಯಂ ಪ್ಲೇಟ್ ಮಾಡುತ್ತೇವೆ. ಅದಕ್ಕೆ ಆನೊಡೈಸಿಂಗ್ ಮಾಡಿಸುತ್ತೇವೆ, ಅಂದರೆ ಆಸಿಡ್ ತೊಟ್ಟಿಯಲ್ಲಿ ಕರೆಂಟ್ ಹಾಯಿಸಿ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು. ಹೋದ ವರ್ಷ 24 ಪ್ಲೇಟನ್ನು ಎರಡು ಪಾಲು ಮಾಡಿದೆ. 12 ಟೈಪ್ 2 ಕಪ್ಪಿಗೆ, ಅದು ತೆಳು ಪದರ; 12 ಹಾರ್ಡ್‌ಗೆ, ಅದು ದಪ್ಪ, ಇನ್ನೂ ಗಟ್ಟಿ. ಟೈಪ್ 1, ಅಂದರೆ ಕ್ರೋಮಿಕ್ ಆಸಿಡ್‌ದು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲವೇ ಮೈಕ್ರಾನ್ ದಪ್ಪ, ವಿಮಾನದ ಭಾಗಗಳಿಗೆ ಸರಿ. ಆ ಕ್ರೋಮಿಯಂ ವಿಷ ಬೇರೆ.

ಟೈಪ್ 2ಗೆ ನನಗೆ ಹೇಳಿದ ಮಿನಿಮಮ್ ಲಾಟ್ ಚಾರ್ಜ್ 1,200 ರೂಪಾಯಿ, ಹಾರ್ಡ್‌ಗೆ 3,500. ಎರಡೂ ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯೇ. ಆದರೆ ಮೊದಲನೆಯದು ಸುಮಾರು 20 ಡಿಗ್ರಿಯಲ್ಲಿ ನಡೆಯುತ್ತದೆ. ಹಾರ್ಡ್‌ಗೆ ತೊಟ್ಟಿ ಸೊನ್ನೆ ಡಿಗ್ರಿ ಹತ್ತಿರ ಇರಬೇಕು, ಕರೆಂಟೂ ಜಾಸ್ತಿ. ಚಿಲ್ಲರ್ ಬಿಲ್ ಯಾರ ತಲೆಗೆ? ನಮ್ಮದಕ್ಕೇ.

ಟೈಪ್ 2 ಬಂದಾಗ ನೋಡೋಕೆ ಚೆಂದ. 12 ಮೈಕ್ರಾನ್, ಒಳ್ಳೆ ಕಪ್ಪು. ಮೂರು ತಿಂಗಳಲ್ಲಿ ಬೇರಿಂಗ್ ಉರುಳುವ ದಾರಿಯಲ್ಲಿ ಬೆಳ್ಳಿ ಗೆರೆ ಬಿತ್ತು. ಸುಮ್ನೆ ಒಂದನ್ನು ಮನೆಯ ತಾರಸಿ ಮೇಲೆ ಇಟ್ಟಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಕಪ್ಪು ನೇರಳೆಗೆ ತಿರುಗಿತ್ತು. 50 ಮೈಕ್ರಾನ್ ಹಾರ್ಡ್ ಪ್ಲೇಟಿನ ಮೇಲೆ ಅದೇ ಬೇರಿಂಗಿನ ಗುರುತೂ ಇಲ್ಲ. ಬಣ್ಣ ಹಾಕಿಸದಿದ್ದರೆ ಮಸುಕಾದ ಬೂದಿ ಬಣ್ಣ, ಅಷ್ಟೆ.

ಇಷ್ಟಕ್ಕೇ ನಿಂತಿದ್ದರೆ ಹಾರ್ಡ್ ಗೆದ್ದಿತು ಅನ್ನಬಹುದಿತ್ತು. ಆದರೆ ಪಿನ್ ಹೋಗಲಿಲ್ಲ.

ಪ್ಲೇಟಿನಲ್ಲಿ 10 ಎಂಎಂ ಡೋವೆಲ್ ತೂತು ಇದೆ, ಭಾಗಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಪಿನ್ ಹೋಗುವುದು ಅದರೊಳಗೆ. ನಾವು 10.01ಕ್ಕೆ ಮುಗಿಸುತ್ತೇವೆ. ಹಾರ್ಡ್ ಪದರ ಅರ್ಧ ಲೋಹದೊಳಕ್ಕೆ ಇಳಿಯುತ್ತದೆ, ಅರ್ಧ ಹೊರಗೆ ಬೆಳೆಯುತ್ತದೆ. 50ರಲ್ಲಿ 25 ಮೈಕ್ರಾನ್ ಹೊರಗೆ, ಎರಡೂ ಬದಿ ಸೇರಿ ತೂತು 0.05 ಕುಗ್ಗಿ 9.96. ಟೈಪ್ 2ರಲ್ಲಿ ಹೊರಗೆ ಬೆಳೆಯುವುದು ಮೂರನೇ ಒಂದು ಪಾಲು ಮಾತ್ರ, ಕುಗ್ಗಿದ್ದು 0.008. ಹೆಬ್ಬೆರಳಲ್ಲಿ ಒತ್ತಿದರೆ ಪಿನ್ ಕೂತಿತು.

ತೂತನ್ನು ಕೆರೆದು ಅಳತೆಗೆ ತರುವ ರೀಮರ್ ಹಾಕಿ ನೋಡಿದೆ. ಎರಡೇ ತೂತಿಗೆ ರೀಮರ್ ಮೊಂಡಾಯಿತು. ಆಗದೆ ಏನು, ಆ ಪದರ ಗ್ರೈಂಡಿಂಗ್ ವೀಲ್‌ನಲ್ಲಿರುವ ಅಲ್ಯೂಮಿನಾದ ಜಾತಿಯದೇ ಅಲ್ವಾ! ಉಳಿದ ಹತ್ತನ್ನು ಕಾಸ್ಟಿಕ್ ಸೋಡಾದಲ್ಲಿ ಬಿಡಿಸಿದರು. ಪದರ ಹೋದ ಮೇಲೆ ತೂತು ಮೊದಲಿಗಿಂತ ದೊಡ್ಡದು, 10.06 ದಾಟಿತ್ತು. ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಹೊಳೆಯಿತು: ಮತ್ತೆ 50 ಮೈಕ್ರಾನ್ ಹಾಕಿಸಿದರೆ ತೂತು ಹಳೆ ಅಳತೆಯ ಹತ್ತಿರಕ್ಕೇ ಬರುತ್ತದೆ! ಬಂತು ಕೂಡ. ಕಾಸ್ಟಿಕ್ ಸ್ವಲ್ಪ ಲೋಹವನ್ನೂ ತಿಂದಿದ್ದರಿಂದ ಕೂದಲೆಳೆಯಷ್ಟು ಸಡಿಲ. ಆದರೆ 3,500 ಎರಡು ಸಲ, ಬಿಡಿಸಿದ ಕೂಲಿ, ಒಂದು ರೀಮರ್, ಹಾಳಾದ ಎರಡು ಪ್ಲೇಟ್. ಕೊನೆಗೆ ಟೈಪ್ 2ರ ಏಳು ಪಟ್ಟು ದುಡ್ಡು ಹೋಯಿತು.

ಈಗ ನಾಬ್, ಕವರ್ ಎಲ್ಲ ಟೈಪ್ 2. ಉಜ್ಜುವ ಪ್ಲೇಟಿಗೆ ಮಾತ್ರ ಹಾರ್ಡ್, ಅದೂ ಒಳಗೆ ಪದರ ಬೆಳೆಯದಂತೆ ಡೋವೆಲ್ ತೂತಿಗೆ ರಬ್ಬರ್ ಬಿರಡೆ ಹಾಕಿಸಿ. ಬಿರಡೆ ಕೂಲಿ ತೂತಿಗೆ ಇಷ್ಟು ಅಂತ ಹಿಡಿಯುತ್ತಾರೆ. ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ. ಚೂಪು ಅಂಚಿನಲ್ಲಿ ದಪ್ಪ ಪದರ ಬಿರಿಯುತ್ತದೆ, ಹಾಗಾಗಿ ಅಂಚುಗಳನ್ನು ಮೊದಲೇ ದುಂಡಗೆ ಮಾಡಿ ಕಳಿಸುತ್ತೇನೆ. ಅರ್ಥಿಂಗ್ ಸ್ಕ್ರೂ ಜಾಗಕ್ಕೂ ಒಂದು ಬಿರಡೆ ಬೇಕು, ಈ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಅದನ್ನು ಮೊನ್ನೆಯ ಲಾಟಿನಲ್ಲಿ ಮರೆತೆ. ಫೈಲ್ ಹಿಡಿದು ಕೆರೆಯುತ್ತಾ ಕೂತಿದ್ದೇನೆ.