ಇಲಿ ಬಾಲದ ಕೊಲಾಜೆನ್ ದ್ರಾವಣ: ಕೋಶ ಅಂಟಿಸಲು ಎಷ್ಟು ಒಳ್ಳೆಯದು?

ಪ್ಲಾಸ್ಟಿಕ್ ತಟ್ಟೆಗೆ ಸರಿಯಾಗಿ ಅಂಟದ ಯಕೃತ್ತಿನ ಕೋಶಗಳಂಥವಕ್ಕೆ ಇಲಿ ಬಾಲದಿಂದ ತೆಗೆದ ಟೈಪ್-1 ಕೊಲಾಜೆನ್ (ಅಂಗಾಂಶಗಳ ನಾರಿನಂಥ ಪ್ರೋಟೀನ್) ಈಗಲೂ ನಂಬಬಹುದಾದ ಲೇಪನ. ಇನ್ನೊಂದು ಲೇಪನವಾದ ಪಾಲಿ-ಲೈಸಿನ್ ಬರೀ ವಿದ್ಯುದಾವೇಶದ ಬಲದಿಂದ ಕೋಶವನ್ನು ಹಿಡಿದಿಡುತ್ತದೆ. ಕೊಲಾಜೆನ್ ಆದರೆ ಕೋಶದ ಇಂಟೆಗ್ರಿನ್‌ಗಳೇ (ಹೊರಮೈಯಲ್ಲಿರುವ ಹಿಡಿತದ ಪ್ರೋಟೀನ್‌ಗಳು) ಅದನ್ನು ಗುರುತಿಸಿ ಹಿಡಿಯುತ್ತವೆ, ಕೋಶ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ.

ಬಾಟಲಿಯಲ್ಲಿ ಮಿಲಿಲೀಟರಿಗೆ 3 ಮಿಲಿಗ್ರಾಂ ಇದ್ದರೆ, 100 ಮೈಕ್ರೋಲೀಟರ್ ತೆಗೆದು 0.02 ಮೋಲಾರ್ ಅಸಿಟಿಕ್ ಆಮ್ಲದ 5.9 ಮಿಲಿಲೀಟರಿಗೆ ಬೆರೆಸಿ. ಆರು ಗುಳಿಗಳ ತಟ್ಟೆಗೆ ಗುಳಿಯೊಂದಕ್ಕೆ 1 ಮಿಲಿಲೀಟರ್ ಹಾಕಿದರೆ ಚದರ ಸೆಂಟಿಮೀಟರಿಗೆ ಸುಮಾರು 5 ಮೈಕ್ರೋಗ್ರಾಂ ಬೀಳುತ್ತದೆ. ಕೋಣೆಯ ತಾಪದಲ್ಲಿ ಒಂದು ಗಂಟೆ ಬಿಟ್ಟು, ದ್ರಾವಣ ಹೀರಿ ತೆಗೆದು, ಪಿಬಿಎಸ್‌ನಲ್ಲಿ (ತಟಸ್ಥ ಪಿಎಚ್‌ನ ಫಾಸ್ಫೇಟ್ ಉಪ್ಪುನೀರು) ಮೂರು ಸಲ ತೊಳೆಯಿರಿ. ತೊಳೆಯುವುದರಲ್ಲಿ ಜಿಪುಣತನ ಬೇಡ: ಆಮ್ಲ ಉಳಿದರೆ ಗುಲಾಬಿ ಮೀಡಿಯಂ (ಕೋಶ ಬೆಳೆಸುವ ದ್ರವ) ಹಳದಿಗೆ ತಿರುಗುತ್ತದೆ, ಕೋಶಗಳೂ ಸೊರಗುತ್ತವೆ.

ತೆಳುಮಾಡಲು ಆಮ್ಲದ ಬದಲು ಪಿಬಿಎಸ್ ಬಳಸುವುದು ಸಾಮಾನ್ಯ ತಪ್ಪು. ಪಿಎಚ್ ತಟಸ್ಥವಾಗಿ, ಜತೆಗೆ ಬೆಚ್ಚಗಾದರೆ ಕೊಲಾಜೆನ್ ನಾರುಗಟ್ಟುತ್ತದೆ. ಲೇಪನ ಮಚ್ಚೆ ಮಚ್ಚೆಯಾಗಿ, ಕೋಶಗಳು ಅಲ್ಲಲ್ಲಿ ಗುಂಪುಗೂಡುತ್ತವೆ. ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜರಿಗೆ ಹಾಕಬೇಡಿ.

ದೊಡ್ಡ ಕೊರತೆಯೆಂದರೆ ಬ್ಯಾಚಿನಿಂದ ಬ್ಯಾಚಿಗೆ ಸಾಂದ್ರತೆ ಬದಲಾಗುವುದು. ಲೇಬಲ್ ನೋಡಿ ಪ್ರತಿಸಲವೂ ಲೆಕ್ಕ ಹಾಕಲೇಬೇಕು. ಇನ್ನೊಂದು, ಈ ತೆಳುಪದರ ಅಡಿಯ ಪ್ಲಾಸ್ಟಿಕ್ಕಿನ ಗಡಸುತನವನ್ನು ಮರೆಮಾಡುವುದಿಲ್ಲ; ಮೃದು ಅಂಗಾಂಶದ ಅನುಭವ ಕೊಡಬೇಕಿದ್ದರೆ ಜೆಲ್ ಬೇಕು. ಸಿಲಿಕೋನ್ ರಬ್ಬರಿನ ಚಿಪ್ ಮೇಲೆ ಹಾಕುವವರು ಮೊದಲು ಪ್ಲಾಸ್ಮಾ (ವಿದ್ಯುದಾವೇಶಗೊಂಡ ಅನಿಲ) ಹಾಯಿಸಿ ಕೂಡಲೇ ಲೇಪಿಸಿ. ತಡಮಾಡಿದರೆ ಮೇಲ್ಮೈ ಮತ್ತೆ ನೀರು ಒಲ್ಲದಂತಾಗುತ್ತದೆ.