ಪವರ್ ಸಪ್ಲೈ ಟೆಸ್ಟರ್: ‘ಸರಿಯಿದೆ’ ಅಂದಾಗಲೇ ಅನುಮಾನ ಪಡಿ

ಹಳೇ ಡೆಸ್ಕ್‌ಟಾಪ್ ಆನ್ ಆಗದಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪವರ್ ಸಪ್ಲೈ ಡಬ್ಬಿಯ ಮೇಲೆ. ಅದನ್ನು ಪರೀಕ್ಷಿಸಲು ಎಲ್‌ಸಿಡಿ ಪರದೆಯ ಈ ಪುಟ್ಟ ಟೆಸ್ಟರನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಇದು ‘ಕೆಟ್ಟಿದೆ’ ಅಂದರೆ ನಂಬಬಹುದು. ‘ಸರಿಯಿದೆ’ ಅಂದರೆ ನಂಬಿ ಕೂರುವಂತಿಲ್ಲ.

ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ ಒಂದೆರಡು ಸಲ ಒತ್ತಿ. ಉಳಿದ ಚಾರ್ಜ್ ಬಹುಮಟ್ಟಿಗೆ ಇಳಿಯುತ್ತದೆ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬರುವ 24 ಪಿನ್ ಕನೆಕ್ಟರಿನ ಕೊಕ್ಕೆ ಅದುಮಿ, ವೈರ್ ಎಳೆಯದೆ, ಕನೆಕ್ಟರನ್ನೇ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಬಿಡಿಸಿ. ಟೆಸ್ಟರಿಗೆ ಸಿಕ್ಕಿಸುವ ಮುಂಚೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಯಾವುದಾದರೂ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಅಲ್ಲಿ ಹಿಡಿತ ಸಡಿಲವಾಗಿ ಕಾದಿದೆ ಎಂದರ್ಥ. ಇದನ್ನು ಯಾವ ಟೆಸ್ಟರೂ ಹೇಳುವುದಿಲ್ಲ, ಕಣ್ಣೇ ಬೇಕು.

ಟೆಸ್ಟರಿಗೆ ಸಿಕ್ಕಿಸಿ ಮತ್ತೆ ಪ್ಲಗ್ ಹಾಕಿದಾಗ ಅದರ ಪರದೆಯಲ್ಲಿ 12 ವೋಲ್ಟಿನ ಲೈನು 11.4ರಿಂದ 12.6ರೊಳಗೆ, 5 ವೋಲ್ಟಿನದು 4.75ರಿಂದ 5.25ರೊಳಗೆ, 3.3ರದ್ದು 3.14ರಿಂದ 3.47ರೊಳಗೆ ಇರಬೇಕು.

ಇನ್ನು ಇದರ ದೊಡ್ಡ ಕೊರತೆ. ಇದು ಹಾಕುವ ಲೋಡ್, ಅಂದರೆ ಎಸ್‌ಎಂಪಿಎಸ್‌ನಿಂದ ಎಳೆಯುವ ಕರೆಂಟು, ತೀರಾ ಕಡಿಮೆ. ಒಣಗಿದ ಕೆಪಾಸಿಟರಿರುವ ಎಸ್‌ಎಂಪಿಎಸ್ ಕೂಡ ಇಷ್ಟು ಹಗುರ ಲೋಡಿನಲ್ಲಿ ಚೊಕ್ಕ 12.1 ತೋರಿಸುತ್ತದೆ. ಮದರ್‌ಬೋರ್ಡಿಗೆ ಜೋಡಿಸಿ ಬಟನ್ ಒತ್ತಿದರೆ ಫ್ಯಾನ್ ಅರೆ ಸುತ್ತು ತಿರುಗಿ ನಿಲ್ಲುತ್ತದೆ. ‘ಸರಿಯಿದೆ’ ಎಂಬ ಈ ಮಾತು ನಂಬಿ ನಿರಪರಾಧಿ ಮದರ್‌ಬೋರ್ಡನ್ನು ಬದಲಾಯಿಸಿಬಿಡುವ ಅಪಾಯವಿದೆ. ಇಂಥ ಮುಖ್ಯ ಮಿತಿಯನ್ನು ಡಬ್ಬಿಯ ಮೇಲೆ ಒಂದು ಸಾಲಿನಲ್ಲೂ ಬರೆದಿಲ್ಲ ಅನ್ನುವುದೇ ಸಿಟ್ಟು ತರಿಸುವ ಸಂಗತಿ.

ಹಾಗಾಗಿ ಪಕ್ಕದಲ್ಲಿ ಮಲ್ಟಿಮೀಟರ್ ಇರಲೇಬೇಕು. ಈ ಪರೀಕ್ಷೆಗೆ ಕನೆಕ್ಟರನ್ನು ಮತ್ತೆ ಬೋರ್ಡಿಗೇ ಸಿಕ್ಕಿಸಿ. ಕಪ್ಪು ಪ್ರೋಬ್ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ, ಕೆಂಪು ಪ್ರೋಬನ್ನು ವೈರ್ ಬರುವ ಹಿಂಬದಿಯಿಂದ ತೂರಿಸಿ. ಮೊದಲು ನೇರಳೆ ವೈರು, ಅಂದರೆ ಸ್ಟ್ಯಾಂಡ್‌ಬೈ. ಪ್ಲಗ್ ಹಾಕಿದ್ದರೆ ಸಾಕು, ಕಂಪ್ಯೂಟರ್ ಆಫ್ ಇದ್ದಾಗಲೂ ಇಲ್ಲಿ 5 ವೋಲ್ಟ್ ಬರಬೇಕು. ಟೆಸ್ಟರಿನಲ್ಲಿ 5 ತೋರಿಸಿ ಬೋರ್ಡಿಗೆ ಹಾಕಿದಾಗ 4ಕ್ಕೆ ಕುಸಿದರೆ ಸ್ಟ್ಯಾಂಡ್‌ಬೈ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಪ್ಲಗ್ ಹಾಕಿ ಬಹಳ ಹೊತ್ತು ಬಿಟ್ಟ ಮೇಲಷ್ಟೇ ಆನ್ ಆಗುವ ಕಂಪ್ಯೂಟರಿನ ಕಾಯಿಲೆ ಹೆಚ್ಚಾಗಿ ಇದೇ. ಆಮೇಲೆ ಹಸಿರು ವೈರು, ಅಂದರೆ ಎಸ್‌ಎಂಪಿಎಸ್‌ಗೆ ‘ಆನ್ ಆಗು’ ಎಂದು ಬೋರ್ಡ್ ಹೇಳುವ ದಾರಿ: ಬಟನ್ ಒತ್ತಿದಾಗ ವೋಲ್ಟೇಜ್ ಸೊನ್ನೆಯ ಹತ್ತಿರ ಇಳಿಯಬೇಕು. ಇಳಿದೂ ಎಸ್‌ಎಂಪಿಎಸ್ ಏಳದಿದ್ದರೆ ಮೊದಲು ಬೇರೊಂದು ಎಸ್‌ಎಂಪಿಎಸ್ ಹಾಕಿ ನೋಡಿ. ಇಳಿಯದೇ ಹೋದರೆ ಬಟನ್ ಅಥವಾ ಬೋರ್ಡ್. ಬೋರ್ಡಿನಲ್ಲಿ ಬಟನ್ನಿನ ವೈರ್ ಕೂರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಕ್ಷಣಹೊತ್ತು ಮುಟ್ಟಿಸಿದರೆ ಯಾವುದೆಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಬೈದರೂ ಟೆಸ್ಟರನ್ನು ಎಸೆಯಲು ಮನಸ್ಸು ಬಾರದಿರುವುದಕ್ಕೆ ಕಾರಣ ಪರದೆಯ ಮೂಲೆಯಲ್ಲಿರುವ ‘ಪಿಜಿ’ ಅಂಕಿ. ವೋಲ್ಟೇಜುಗಳು ನೆಲೆನಿಂತ ಮೇಲೆ ಎಷ್ಟು ಮಿಲಿಸೆಕೆಂಡಿಗೆ ಪವರ್‌ಗುಡ್ ಸಂಕೇತ (‘ವೋಲ್ಟೇಜ್ ಸರಿಯಿದೆ, ಶುರುಮಾಡು’ ಎಂದು ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಸೂಚನೆ) ಬಂತು ಎಂದು ಅದು ಹೇಳುತ್ತದೆ. 100ರಿಂದ 500ರೊಳಗಿದ್ದರೆ ಕ್ಷೇಮ. ಸಂಕೇತ ಬಾರದಿದ್ದರೆ ಫ್ಯಾನ್ ತಿರುಗಿದರೂ ಬೋರ್ಡ್ ರೀಸೆಟ್ಟಿನಲ್ಲೇ ಉಳಿದು ಮಾನಿಟರ್ ಕಪ್ಪಾಗಿರುತ್ತದೆ. ಸಾಮಾನ್ಯ ಮಲ್ಟಿಮೀಟರ್ ಈ ಕಾಲವನ್ನು ಅಳೆಯಲಾರದು.

ಪಿಜಿ ಸರಿಯಿದ್ದೂ ಮಾನಿಟರ್ ಕಪ್ಪಗಿದ್ದರೆ ಪ್ರೊಸೆಸರ್ ಪಕ್ಕದ 4 ಪಿನ್ ಕನೆಕ್ಟರ್ ಕೂತಿದೆಯೇ ನೋಡಿ, ರ‍್ಯಾಮ್ ಒಂದೇ ಉಳಿಸಿ ಪ್ರಯತ್ನಿಸಿ, ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ 3 ವೋಲ್ಟಿಗಿಂತ ಬಹಳ ಇಳಿದಿದ್ದರೆ ಬದಲಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.