ಸೆಟ್‌ಎಲ್‌ಎಲ್ ಆದ ಮೇಲೆ %ಫೌಂಡ್ ನೋಡಿ ಮೋಸ ಹೋಗಬೇಡಿ

ಎಎಸ್ 400 ಅನ್ನೋ ಐಬಿಎಂ ಕಂಪ್ಯೂಟರಿನಲ್ಲಿ ಆರ್‌ಪಿಜಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು, ಅದರಲ್ಲೂ ಯಾವುದು ಯಾವ ಕಾಲಮಿನಲ್ಲಿರಬೇಕು ಅಂತ ಲೆಕ್ಕವಿದ್ದ ಹಳೆಯ ಕೋಡನ್ನು ಆ ಕಟ್ಟಿಲ್ಲದ ಫ್ರೀ ಫಾರ್ಮ್ಯಾಟಿಗೆ ತರುವ ಕೆಲಸ ಕೈಯಲ್ಲಿರುವವರು, ಇದನ್ನೊಮ್ಮೆ ಓದಿ. ಒಂದೇ ಒಂದು ಪದ ತಪ್ಪು ಹಾಕಿ ನಾನು ಜರ್ಮನಿಯ ಒಂದು ಸಗಟು ಕಂಪನಿಯ ಗೋಡೌನನ್ನು ಅರ್ಧ ದಿನ ನಿಲ್ಲಿಸಿದೆ. ಕಂಪೈಲ್ ಸಲೀಸಾಗಿ ಆಗಿತ್ತು. ಟೆಸ್ಟ್ ಪಾಸಾಗಿತ್ತು. ಅದೇ ಭಯದ ವಿಷಯ.

(ಎಎಸ್ 400ನ್ನು ಐಬಿಎಂ ಈಗ ಐಬಿಎಂ ಐ ಅನ್ನುತ್ತದೆ. ಎಎಸ್ 400 ಅಂತ 1988ರಲ್ಲಿ ಬಂತು, ನಡುವೆ ಐಸೀರೀಸ್, ಸಿಸ್ಟಂ ಐ ಎಂದೆಲ್ಲ ಹೆಸರು ಬದಲಾಯಿತು. ಬೆಂಗಳೂರಿನ ನಮ್ಮ ಫ್ಲೋರಿನಲ್ಲಿ ಮಾತ್ರ ಇವತ್ತಿಗೂ ಎಎಸ್ 400ಏ.)

ಕೆಲಸ ಇದ್ದದ್ದು ಇಷ್ಟು. ರಾತ್ರಿ ಬ್ಯಾಚಿನಲ್ಲಿ ಒಂದು ಪ್ರೋಗ್ರಾಂ ಆ ದಿನದ ಆರ್ಡರುಗಳನ್ನೆಲ್ಲ ಓದುತ್ತದೆ. ಹಣ ಬಾಕಿ ಉಳಿಸಿಕೊಂಡ ಕಸ್ಟಮರುಗಳ ನಂಬರು ಒಂದು ಚಿಕ್ಕ ಫೈಲಿನಲ್ಲಿ ಇರುತ್ತದೆ, ಅದಕ್ಕೆ ಹೋಲ್ಡ್ ಫೈಲ್ ಅನ್ನೋಣ. ಆರ್ಡರಿನ ಕಸ್ಟಮರ್ ಆ ಫೈಲಿನಲ್ಲಿದ್ದರೆ ಆರ್ಡರಿಗೆ 'ಎಚ್' ಸ್ಟೇಟಸ್ ಬೀಳುತ್ತದೆ, ಗೋಡೌನಿಗೆ ಪಿಕ್ ಲಿಸ್ಟ್ (ಯಾವ ಸಾಮಾನು ತೆಗೆದು ಕಳಿಸಬೇಕು ಅನ್ನೋ ಪಟ್ಟಿ) ಪ್ರಿಂಟ್ ಆಗುವುದಿಲ್ಲ. ಇಲ್ಲದಿದ್ದರೆ ಆರ್ಡರ್ ಮುಂದೆ ಹೋಗುತ್ತದೆ. ವರ್ಷಗಟ್ಟಲೆ ತೊಂದರೆ ಕೊಡದೆ ಓಡಿದ ಪ್ರೋಗ್ರಾಂ.

ಹಳೆಯ ಕೋಡಿನಲ್ಲಿ ಹೋಲ್ಡ್ ಫೈಲ್ ಮೇಲೆ ಸೆಟ್‌ಎಲ್‌ಎಲ್ ಅನ್ನೋ ಒಂದು ಆದೇಶ ಇತ್ತು. ಅದರ ಸಾಲಿನ ಕೊನೆಯಲ್ಲಿ, 75-76ನೇ ಕಾಲಮಿನಲ್ಲಿ, 40 ಅಂತ ಇಂಡಿಕೇಟರ್, ಅಂದರೆ ಆನ್ ಇಲ್ಲವೇ ಆಫ್ ಆಗುವ ಒಂದು ಸ್ವಿಚ್. ಕೆಳಗಿನ ಸಾಲಿನಲ್ಲಿ ಇಂಡಿಕೇಟರ್ 40 ಆನ್ ಇದ್ದರೆ ಹೋಲ್ಡ್ ಮಾಡು. ಫ್ರೀ ಫಾರ್ಮ್ಯಾಟಿನಲ್ಲಿ ಹಾಗೆ ಕಾಲಮಿನಲ್ಲಿ ಇಂಡಿಕೇಟರ್ ಹಾಕುವಂತಿಲ್ಲ, ಅದರ ಬದಲು ಬಿಲ್ಟ್ ಇನ್ ಫಂಕ್ಷನ್ ಹಾಕಬೇಕು. ಕೀ, ಅಂದರೆ ಹುಡುಕುವ ನಂಬರು, ಕೊಟ್ಟು ರೆಕಾರ್ಡ್ ತರುವ ಚೈನ್ ಆದ ಮೇಲೆ %ಫೌಂಡ್ (ಸಿಕ್ಕಿತಾ), ಮುಂದಿನ ರೆಕಾರ್ಡ್ ಓದುವ ರೀಡ್ ಆದ ಮೇಲೆ %ಇಒಎಫ್ (ಫೈಲ್ ಮುಗಿಯಿತಾ), ಹೀಗೆ. ನಾನು ಬೆಳಗ್ಗೆಯಿಂದ ಇಪ್ಪತ್ತು ಮೂವತ್ತು ಚೈನ್ ಬದಲಾಯಿಸಿದ್ದೆ. ಕೈ ಅದೇ ಓಟದಲ್ಲಿತ್ತು. ಇಲ್ಲೂ ಬರೆದೆ:

ಸೆಟ್‌ಎಲ್‌ಎಲ್ ಕಸ್ಟ್‌ನಂಬರ್ ಹೋಲ್ಡ್‌ಪಿಎಫ್;
ಇಫ್ %ಫೌಂಡ್(ಹೋಲ್ಡ್‌ಪಿಎಫ್);

ಓದಿದರೆ ಎಷ್ಟು ಸರಿಯಾಗಿ ಕಾಣುತ್ತದೆ ನೋಡಿ. ಹೋಲ್ಡ್ ಫೈಲಿನಲ್ಲಿ ಸಿಕ್ಕರೆ ಹೋಲ್ಡ್ ಮಾಡು. ರಿವ್ಯೂ ಮಾಡಿದವರೂ ಸರಿ ಅಂದರು.

ಸೆಟ್‌ಎಲ್‌ಎಲ್ ರೆಕಾರ್ಡ್ ಓದುವುದಿಲ್ಲ. ಫೈಲಿನಲ್ಲಿ ಒಂದು ಜಾಗದಲ್ಲಿ ಬೆರಳಿಟ್ಟು ನಿಲ್ಲುತ್ತದೆ, ಅಷ್ಟೇ. ರೇಷನ್ ಅಂಗಡಿಯ ರಿಜಿಸ್ಟರ್ ನೆನಪಿಸಿಕೊಳ್ಳಿ. ಕಾರ್ಡ್ ನಂಬರಿನ ಪ್ರಕಾರ ಸಾಲಾಗಿ ಬರೆದಿದ್ದಾರೆ. ನಿಮ್ಮದು 350. ಅಂಗಡಿಯವರು ಬೆರಳು ಜಾರಿಸುತ್ತಾ ಬಂದರು: 340, 347, ಆಮೇಲೆ 362. 350 ಇಲ್ಲ. ಬೆರಳು 362ರ ಮೇಲೆ ನಿಂತಿತು. ಈಗ %ಫೌಂಡ್ ಕೇಳಿದರೆ "ಹೌದು" ಅನ್ನುತ್ತದೆ. ಬೆರಳಿಡಲು ಒಂದು ಸಾಲು ಸಿಕ್ಕಿತಲ್ಲ, ಅದಕ್ಕೆ! ನಿಮ್ಮ ನಂಬರಿನಷ್ಟೇ ಅಥವಾ ಅದಕ್ಕಿಂತ ದೊಡ್ಡ ಕೀ ಇರುವ ಯಾವುದೇ ರೆಕಾರ್ಡ್ ಸಿಕ್ಕರೂ ಸೆಟ್‌ಎಲ್‌ಎಲ್ ಲೆಕ್ಕದಲ್ಲಿ ಅದು ಫೌಂಡ್. ನಿಮ್ಮ ನಂಬರೇ ಇದೆಯಾ ಅಂತ ಹೇಳುವುದು %ಈಕ್ವಲ್. ಹಳೆಯ ಕೋಡಿನ 75-76ನೇ ಕಾಲಮಿನ ಅರ್ಥವೂ ಅದೇ ಆಗಿತ್ತು.

ಹಾಗಾದರೆ ಟೆಸ್ಟಿನಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಟೆಸ್ಟ್ ಲೈಬ್ರರಿಯ ಹೋಲ್ಡ್ ಫೈಲಿನಲ್ಲಿ ಇದ್ದದ್ದು ಮೂರೇ ರೆಕಾರ್ಡ್: 1001, 1002, 1003. ನಾನು ಎರಡು ಕೇಸ್ ಹಾಕಿದೆ. ಫೈಲಿನಲ್ಲಿ ಇರುವ ಕಸ್ಟಮರ್ 1002, ಹೋಲ್ಡ್ ಆಯಿತು. ಫೈಲಿನಲ್ಲಿ ಇಲ್ಲದ ಕಸ್ಟಮರ್ 99999, ಹೋಲ್ಡ್ ಆಗಲಿಲ್ಲ. ಇಲ್ಲದ ನಂಬರ್ ಬೇಕು ಅಂದಾಗ ನಮ್ಮೆಲ್ಲರ ಕೈ ಸೀದಾ ಒಂಬತ್ತಿನ ಮೇಲೆ ಹೋಗುತ್ತದೆ ಅಲ್ವಾ? 99999ಕ್ಕಿಂತ ದೊಡ್ಡದು ಫೈಲಿನಲ್ಲಿ ಏನೂ ಇಲ್ಲ, ಹಾಗಾಗಿ %ಫೌಂಡ್ ಆಫ್. ಎರಡೂ ಕೇಸ್ ಪಾಸ್. ಇಲ್ಲದ ನಂಬರನ್ನು 500 ಅಂತ ಕೊಟ್ಟಿದ್ದರೆ ಎರಡು ಸೆಕೆಂಡಿನಲ್ಲಿ ಬಣ್ಣ ಬಯಲಾಗುತ್ತಿತ್ತು.

ಗುರುವಾರ ಸಂಜೆ ಪ್ರೊಡಕ್ಷನ್‌ಗೆ ಹೋಯಿತು. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ, ಅಲ್ಲಿ ಚಳಿಗಾಲದ ಬೆಳಗಿನ ಆರು ಗಂಟೆ, ಫೋನ್ ಬಂತು. ಗೋಡೌನ್ ಬಾಗಿಲು ತೆರೆದಿದೆ, ಜನ ಬಂದಿದ್ದಾರೆ, ಪಿಕ್ ಲಿಸ್ಟ್ ಬಂದಿಲ್ಲ. ಪ್ರಿಂಟರ್ ಕೆಟ್ಟಿದೆಯಾ ನೋಡಿ ಅಂದರು. ನಾನೂ ಮೊದಲು ಔಟ್ ಕ್ಯೂ (ಪ್ರಿಂಟಿಗೆ ಕಾಯುವ ಸಾಲು) ನೋಡಿದೆ, ರೈಟರ್ (ಅಲ್ಲಿಂದ ಪ್ರಿಂಟರಿಗೆ ಕಳಿಸುವ ಪ್ರೋಗ್ರಾಂ) ನೋಡಿದೆ. ಎಲ್ಲ ಸರಿ ಇತ್ತು. ಪ್ರಿಂಟಾಗಬೇಕಾದ ಸ್ಪೂಲ್ ಫೈಲ್ ಕೂಡ ಬಂದಿತ್ತು, ಆದರೆ ಅದರಲ್ಲಿ ಇದ್ದದ್ದು ಎರಡು ಪುಟ. ದಿನಾ ನೂರಾರು ಪುಟ ಬರುವ ಕಡೆ ಎರಡೇ ಪುಟ!

ಜಾಬ್ ಲಾಗಿನಲ್ಲಿ ಒಂದೂ ಎರರ್ ಇಲ್ಲ. ಆರ್ಡರ್ ಫೈಲ್ ನೋಡಿದರೆ ಸಾಲು ಸಾಲು 'ಎಚ್'. ಎರಡು ಪುಟದಲ್ಲಿ ಬಂದ ಆ ಕೆಲವು ಆರ್ಡರುಗಳು ಮಾತ್ರ ಹೇಗೆ ಪಾರಾದವು ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಬೇರೆ ಬೇರೆ ಊರು, ಬೇರೆ ಬೇರೆ ಸಾಮಾನು. ಪಕ್ಕದಲ್ಲಿ ಕೂರುವ ಹಿರಿಯರೊಬ್ಬರು ಆ ಎರಡು ಪುಟ ಕೈಗೆ ತೆಗೆದುಕೊಂಡು, "ಇವೆಲ್ಲ ಹೊಸ ಕಸ್ಟಮರ್ ಅಲ್ವೇನ್ರೀ? ನಂಬರು ನೋಡಿ, ಎಲ್ಲ 62 ಸಾವಿರದ ಮೇಲೆ" ಅಂದರು. ಹೋಲ್ಡ್ ಫೈಲಿನ ಕೊನೆಯ ರೆಕಾರ್ಡ್ ತೆಗೆದು ನೋಡಿದೆ. 61870. ಅದಕ್ಕಿಂತ ಚಿಕ್ಕ ನಂಬರಿನ ಪ್ರತಿಯೊಬ್ಬ ಕಸ್ಟಮರೂ ಸಾಲಗಾರನಾಗಿದ್ದ.

ಅವರೇ ಹಳೆಯ ಸೋರ್ಸ್ ತೆರೆಸಿದರು. "75-76 ಇದೆ. ಇದು ಈಕ್ವಲ್ ಅಲ್ವಾ? ಫೌಂಡ್ ಯಾಕೆ ಹಾಕಿದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಪದ ಬದಲಾಯಿಸಲು ಒಂದು ನಿಮಿಷ. ಹಾಳಾದ ಡೇಟಾ ಸರಿಮಾಡಲು ಮಧ್ಯಾಹ್ನ ಪೂರ್ತಿ. ಆರ್ಡರ್ ಫೈಲಿನ ಬದಲಾವಣೆಗಳೆಲ್ಲ ಜರ್ನಲ್ ಅನ್ನೋ ದಾಖಲೆಯಲ್ಲಿವೆ, ಆರ್‌ಎಂವಿಜೆಆರ್‌ಎನ್‌ಸಿಎಚ್‌ಜಿ ಕೊಟ್ಟರೆ ರಾತ್ರಿಯ ಬದಲಾವಣೆಗಳೆಲ್ಲ ಹಿಂದಕ್ಕೆ ಹೋಗುತ್ತವೆ ಅಂತ ಖುಷಿಯಲ್ಲಿದ್ದೆ. ಆ ಕಮಾಂಡಿಗೆ ಬದಲಾವಣೆಗೆ ಮುಂಚಿನ ರೂಪವೂ ಜರ್ನಲಿನಲ್ಲಿ ಇರಬೇಕು. ಜರ್ನಲ್ ಶುರುಮಾಡುವ ಎಸ್‌ಟಿಆರ್‌ಜೆಆರ್‌ಎನ್‌ಪಿಎಫ್ ಕೊಡುವಾಗ ಇಮೇಜಸ್ ಅನ್ನೋ ಕಡೆ ಏನೂ ಮುಟ್ಟದೆ ಬಿಟ್ಟರೆ ಬದಲಾದ ನಂತರದ ರೂಪ ಮಾತ್ರ ದಾಖಲಾಗುತ್ತದೆ. ಇಲ್ಲಿ ಯಾರೋ ಎಂದೋ ಹಾಗೇ ಬಿಟ್ಟಿದ್ದರು. ನಿಮ್ಮ ಫೈಲುಗಳಲ್ಲಿ ಅದು 'ಬೋತ್' ಇದೆಯಾ ಅಂತ ಇವತ್ತೇ ನೋಡಿ. ಬೇಕಾದ ದಿನ ನೋಡಿದರೆ ತಡವಾಗಿರುತ್ತದೆ.

ಕೊನೆಗೆ ಹೋಲ್ಡ್ ಬಿಡಿಸಲು ಒಂದು ಚಿಕ್ಕ ಪ್ರೋಗ್ರಾಂ ಬರೆಯಬೇಕಾಯಿತು. ಗಡಿಬಿಡಿಯಲ್ಲಿ ಬರೆದ ಈ ಪ್ರೋಗ್ರಾಮಿನಲ್ಲೂ ಎರಡು ಸಲ ಎಡವಿದೆ.

ಮೊದಲನೆಯದು ಲಾಕ್. 'ಎಚ್' ಆರ್ಡರುಗಳನ್ನು ಸೆಟ್‌ಎಲ್‌ಎಲ್, ಆಮೇಲೆ ಅದೇ ಕೀ ಇರುವವನ್ನು ಮಾತ್ರ ಓದುವ ರೀಡ್‌ಇ ಮಾಡಿ ಒಂದೊಂದಾಗಿ ಓದುವುದು, ಹೋಲ್ಡ್ ಫೈಲಿನಲ್ಲಿ ನಿಜವಾಗಿ ಇಲ್ಲದಿದ್ದರೆ ಸ್ಟೇಟಸ್ ಬದಲಾಯಿಸುವುದು. ಮತ್ತೆ ತಪ್ಪಾಗಬಾರದು ಅಂತ ಡೀಬಗ್ ಹಾಕಿ, ಪ್ರೋಗ್ರಾಮನ್ನು ನಡುನಡುವೆ ನಿಲ್ಲಿಸಿ ನೋಡೋಣ ಅಂದುಕೊಂಡೆ. ಡೀಬಗ್ ಶುರುಮಾಡುವ ಎಸ್‌ಟಿಆರ್‌ಡಿಬಿಜಿ ತಾನಾಗಿಯೇ ಪ್ರೊಡಕ್ಷನ್ ಲೈಬ್ರರಿಯ ಫೈಲನ್ನು ಅಪ್‌ಡೇಟ್‌ಗೆ ತೆರೆಯಲು ಬಿಡುವುದಿಲ್ಲ. ನಾನು ಯುಪಿಡಿಪ್ರಾಡ್ 'ಯೆಸ್' ಕೊಟ್ಟು ಆ ಬೇಲಿಯನ್ನೂ ಕಿತ್ತೆ. ಬ್ರೇಕ್ ಪಾಯಿಂಟಿನಲ್ಲಿ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಾ ಕೂತೆ. ಅಪ್‌ಡೇಟ್ ಅಂತ ತೆರೆದ ಫೈಲಿನಿಂದ ಓದಿದ ರೆಕಾರ್ಡ್ ಓದಿದ ಕ್ಷಣದಿಂದಲೇ ಲಾಕ್. ಅಲ್ಲಿ ಆರ್ಡರ್ ಡೆಸ್ಕಿನವರು ಅದೇ ಆರ್ಡರನ್ನು ಕೈಯಿಂದ ಬಿಡಿಸಲು ಹೊರಟಿದ್ದರು. ಮಾಮೂಲಿ ಸೆಟ್ಟಿಂಗಿನಲ್ಲಿ 60 ಸೆಕೆಂಡ್ ಕಾದು, ಆಮೇಲೆ ಪ್ರೋಗ್ರಾಂ 1218 ಎರರ್ ಕೊಟ್ಟು ನಿಲ್ಲುತ್ತದೆ. ಯಾರು ಹಿಡಿದಿದ್ದಾರೆ ಅಂತ ಡಿಎಸ್‌ಪಿಆರ್‌ಸಿಡಿಎಲ್‌ಸಿಕೆ ಹಾಕಿದರೆ ನನ್ನದೇ ಯೂಸರ್ ಐಡಿ. ಸುಮ್ನೆ ನೋಡುವುದಕ್ಕಾದರೆ ರೀಡ್‌ಇ ಅಥವಾ ಚೈನ್ ಪಕ್ಕದಲ್ಲಿ ಬ್ರಾಕೆಟಿನಲ್ಲಿ ಒಂದು ಎನ್ ಹಾಕಿ, ಲಾಕ್ ಇಲ್ಲದೆ ಓದುತ್ತದೆ.

ಎರಡನೆಯದು ಚೈನ್. ಬಿಡಿಸಿದ ಆರ್ಡರುಗಳ ಪಟ್ಟಿ ಕೊಡಿ ಅಂತ ಅಕೌಂಟ್ಸಿನವರು ಕೇಳಿದ್ದರು. ಕಸ್ಟಮರ್ ಮಾಸ್ಟರಿನಿಂದ ಹೆಸರು ತರಲು ಚೈನ್ ಹಾಕಿದೆ. ಸಿಕ್ಕಿತಾ ಅಂತ ನೋಡಲಿಲ್ಲ, ಆರ್ಡರ್ ಇದೆ ಅಂದಮೇಲೆ ಕಸ್ಟಮರ್ ಇದ್ದೇ ಇರುತ್ತಾನೆ ಅನ್ನೋ ಧೈರ್ಯ. ಮೂರು ಕಸ್ಟಮರುಗಳು ಮಾಸ್ಟರಿನಲ್ಲಿ ಇರಲಿಲ್ಲ. ಚೈನಿಗೆ ರೆಕಾರ್ಡ್ ಸಿಗದಿದ್ದರೆ ಫೀಲ್ಡುಗಳು ಖಾಲಿಯಾಗುವುದಿಲ್ಲ, ಹಿಂದಿನ ರೆಕಾರ್ಡಿನ ಹೆಸರು ಹಾಗೇ ಕೂತಿರುತ್ತದೆ. ಪಟ್ಟಿಯಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಆರ್ಡರ್. "ಈ ಅಂಗಡಿಗೆ ಎರಡು ಕಸ್ಟಮರ್ ನಂಬರ್ ಯಾಕಿದೆ?" ಅಂತ ಮೇಲ್ ಬಂದಾಗ ಗೊತ್ತಾಯಿತು. ಅದು ಬರೀ ಹೆಸರು. ಡಿಸ್ಕೌಂಟ್ ಆಗಿದ್ದರೆ?

ಒಂದು ಕಡೆ ಮಾತ್ರ ಅದೃಷ್ಟ ಚೆನ್ನಾಗಿತ್ತು. ನಾನು ಓದುತ್ತಿದ್ದ ಲಾಜಿಕಲ್ ಫೈಲಿನ (ಅದೇ ಡೇಟಾವನ್ನು ಬೇರೆ ಕ್ರಮದಲ್ಲಿ ತೋರಿಸುವ ಫೈಲ್) ಕೀಯಲ್ಲಿ ಸ್ಟೇಟಸ್ಸೇ ಮೊದಲ ಫೀಲ್ಡ್, ನಾನು ಬದಲಾಯಿಸುತ್ತಿದ್ದದ್ದೂ ಅದನ್ನೇ. 'ಎಚ್' ಹೋಗಿ 'ಓ' ಆದ ರೆಕಾರ್ಡ್ ಇಂಡೆಕ್ಸಿನಲ್ಲಿ ಮುಂದಕ್ಕೆ ಜಿಗಿಯುತ್ತದೆ. ರೀಡ್‌ಇ 'ಎಚ್' ಮುಗಿದ ಕೂಡಲೇ ನಿಲ್ಲುವುದರಿಂದ ಬಚಾವಾದೆ. ಬರೀ ರೀಡ್ ಹಾಕಿದ್ದರೆ ಈಗಷ್ಟೇ ಮುಗಿಸಿದ ರೆಕಾರ್ಡ್ ಮುಂದೆ ಇನ್ನೊಮ್ಮೆ ಎದುರಾಗುತ್ತಿತ್ತು. ಇದು ಹಳೆಯ ಕಥೆ. 1970ರ ದಶಕದಲ್ಲಿ ಐಬಿಎಂನ ಸಿಸ್ಟಂ ಆರ್ ಡೇಟಾಬೇಸ್ ತಂಡದವರು 25,000 ಡಾಲರಿಗಿಂತ ಕಡಿಮೆ ಸಂಬಳದವರಿಗೆ ಶೇ 10 ಹೆಚ್ಚಳ ಕೊಡಲು ಹೋದರು. ಸಂಬಳ ಏರಿದವರು ಇಂಡೆಕ್ಸಿನಲ್ಲಿ ಮುಂದೆ ಹೋಗಿ ಮತ್ತೆ ಮತ್ತೆ ಸಿಕ್ಕರು, ಕೊನೆಗೆ ಎಲ್ಲರ ಸಂಬಳವೂ 25,000 ಮುಟ್ಟಿತು. ಹ್ಯಾಲೋವೀನ್ ದಿನ ಕಂಡದ್ದಕ್ಕೆ ಅದರ ಹೆಸರೇ ಹ್ಯಾಲೋವೀನ್ ಪ್ರಾಬ್ಲಂ ಆಯಿತು. ಹಾಗೆ ಸಂಬಳ ಏರಿಸುವ ಪ್ರೋಗ್ರಾಂ ನಮ್ಮ ಆಫೀಸಿನಲ್ಲಿ ಇನ್ನೂ ಯಾರೂ ಬರೆದಿಲ್ಲ.

ಎಲ್ಲ ಬಿಡಿಸಿ ಪಿಕ್ ಲಿಸ್ಟ್ ಹೊರಡುವಾಗ ಅಲ್ಲಿ ಮಧ್ಯಾಹ್ನ ಹನ್ನೆರಡು. ಎರಡು ಲಾರಿ ಅರ್ಧ ಖಾಲಿಯಾಗಿಯೇ ಹೊರಟಿದ್ದವು. ಉಳಿದ ಸಾಮಾನು ಸೋಮವಾರಕ್ಕೆ.

ಒಂದು ಮಾತು ಸ್ಪಷ್ಟವಾಗಿರಲಿ. ಇದೆಯೋ ಇಲ್ಲವೋ ನೋಡುವುದಕ್ಕೆ ಸೆಟ್‌ಎಲ್‌ಎಲ್ ಒಳ್ಳೆಯದೇ. ರೆಕಾರ್ಡ್ ತರುವುದಿಲ್ಲ, ಲಾಕ್ ಮಾಡುವುದಿಲ್ಲ, ಚೈನಿಗಿಂತ ಹಗುರ. ಜೊತೆಗೆ %ಈಕ್ವಲ್ ಇರಬೇಕು, ಬ್ರಾಕೆಟಿನಲ್ಲಿ ಫೈಲಿನ ಹೆಸರೂ ಇರಬೇಕು. ಹೆಸರು ಬಿಟ್ಟರೆ ಕೊನೆಗೆ ಯಾವ ಫೈಲನ್ನು ಮುಟ್ಟಿದಿರೋ ಅದರ ಉತ್ತರ ಬರುತ್ತದೆ. ಇನ್ನು ರೀಡ್‌ಇ ಲೂಪನ್ನು %ಫೌಂಡ್ ಮೇಲೆ ಓಡಿಸುವವರೂ ಇದ್ದಾರೆ. ರೀಡ್‌ಇ %ಫೌಂಡ್ ತಂಟೆಗೇ ಹೋಗುವುದಿಲ್ಲ, ಅದು ಬದಲಾಯಿಸುವುದು %ಇಒಎಫ್. ಆ ಲೂಪ್ ಯಾರಾದರೂ ಎಂಡ್‌ಜಾಬ್ ಕೊಡುವ ತನಕ ಓಡುತ್ತಲೇ ಇರುತ್ತದೆ.

ಸೋಮವಾರ ಬಂದು ಮೊದಲು ಮಾಡಿದ ಕೆಲಸ, ಎಫ್‌ಎನ್‌ಡಿಎಸ್‌ಟಿಆರ್‌ಪಿಡಿಎಂ ಹಾಕಿ ಸೋರ್ಸ್ ಫೈಲ್ ಪೂರ್ತಿ ಹುಡುಕಿದ್ದು. ಸೆಟ್‌ಎಲ್‌ಎಲ್ ಆದ ಕೂಡಲೇ %ಫೌಂಡ್ ಇದ್ದ ಜಾಗ ಇನ್ನೂ ಏಳು ಸಿಕ್ಕವು. ಐದು ನನ್ನವೇ, ಅದೇ ವಾರದವು, ಪುಣ್ಯಕ್ಕೆ ಇನ್ನೂ ಪ್ರೊಡಕ್ಷನ್‌ಗೆ ಹೋಗಿರಲಿಲ್ಲ. ಒಂದು ಕಡೆ ಮುಂದೆ ಇನ್ನೇನಾದರೂ ರೆಕಾರ್ಡ್ ಉಳಿದಿದೆಯಾ ಅಂತ ನೋಡಲೆಂದೇ ಬರೆದಿದ್ದರು, ಅದು ಸರಿ. ಏಳನೆಯದು ತಿಂಗಳ ಕೊನೆಯ ಬಾಕಿ ಪಟ್ಟಿಯ ಪ್ರೋಗ್ರಾಂ, ನಾನು ಸೇರುವ ಮೊದಲೇ ಯಾರೋ ಬರೆದದ್ದು. ಬಾಕಿ ಏನೂ ಇಲ್ಲದ ಕಸ್ಟಮರಿಗೂ ಹೆಸರು, ವಿಳಾಸ ಮಾತ್ರ ಇರುವ ಖಾಲಿ ಪುಟ ಅದರಲ್ಲಿ ಯಾಕೆ ಬರುತ್ತದೆ ಅಂತ ಕೇಳಿದಾಗಲೆಲ್ಲ, "ಅದು ಮೊದಲಿಂದ ಹಾಗೇ" ಅಂತ ನಾವೇ ಉತ್ತರ ಕೊಡುತ್ತಿದ್ದೆವು.